ಮಜ್ಜಿಗೆ ತಾಟಿನ ಮಿಸ್ತ್ರಿ

ಮೋಟಾರಿನ ಬ್ರೇಕಿಗೂ ಮಜ್ಜಿಗೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಇಷ್ಟು ದಿನ ನಾನು ಆಳಂದದ ಕಡೆ ಕೈ ತೋರಿಸುತ್ತಿದ್ದೆ. ಇನ್ನು ತೋರಿಸಿ ಪ್ರಯೋಜನವಿಲ್ಲ. ಹೋದ ತಿಂಗಳು ಅಲ್ಲಿಯ ಮೋಟಾರು ಮಿಸ್ತ್ರಿ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಊರಿನಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ, ಅವರಿಗೂ ಅಪ್ಪ ಅವ್ವ ಇಟ್ಟ ಹೆಸರೊಂದಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಊರೆಲ್ಲ ‘ಲೇ ಮಿಸ್ತ್ರಿ’ ಎನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತಿದ್ದೆ. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ತಡವಾಯಿತು, ಗೊತ್ತು.

ನಾನು ಗೊಬ್ಬೂರದವನು. ಒಕ್ಕಲುತನದ ಮನೆ. ನೇಗಿಲಿಗಿಂತ ಸ್ಟೇರಿಂಗ್ ಹಗುರ ಎಂದು ನಂಬಿ ಆಳಂದದ ಒಬ್ಬ ಜಮೀನ್ದಾರರ ವಾಡೆಯಲ್ಲಿ ಡ್ರೈವರ್ ಆಗಿ ಸೇರಿದೆ. ವಾಡೆಯ ಧಣಿ ತೀರಿಹೋಗಿದ್ದರು. ಮನೆಯ ಆಡಳಿತ ಅವರ ಹೆಂಡತಿಯ ಕೈಯಲ್ಲಿತ್ತು, ಅವರನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಮೋಟಾರುಗಳ ಆಡಳಿತ ಮಗನ ಕೈಯಲ್ಲಿತ್ತು, ಅವರು ಸಣ್ಣ ಧಣಿ. ಸಣ್ಣ ಧಣಿಗೆ ಇಪ್ಪತ್ತಾರು ವರ್ಷ, ಮೀಸೆಗೆ ಅದಕ್ಕಿಂತ ಹೆಚ್ಚು ವಯಸ್ಸಾದಂತೆ ಕಾಣುತ್ತಿತ್ತು. ಅಷ್ಟು ಜೋಪಾನ ಮಾಡಿ ಬೆಳೆಸಿದ್ದರು.

ಮಿಸ್ತ್ರಿಯ ಶೆಡ್ಡು ಗುಲಬರ್ಗಾ ರಸ್ತೆಯಲ್ಲಿ ಊರು ಮುಗಿಯುವ ಕಡೆ ಬೇವಿನ ಮರದಡಿ ಇತ್ತು. ಮೇಲೆ ತಗಡು, ಮೂರು ಕಡೆ ಮಣ್ಣಿನ ಗೋಡೆ, ಮುಂದೆ ಬಯಲು. ಮಿಸ್ತ್ರಿ ಮಟಕಿ ಊರಿನವರು. ಅವರಪ್ಪ ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುತ್ತಿದ್ದವನು. ಮಗ ಸೊಲ್ಲಾಪುರಕ್ಕೆ ಓಡಿಹೋಗಿ ಹತ್ತು ವರ್ಷ ಗ್ಯಾರೇಜಿನಲ್ಲಿ ದುಡಿದು ಮಿಸ್ತ್ರಿಯಾಗಿ ಬಂದರು. ಆ ಕಾಲದಲ್ಲಿ ಅವರ ಕುಲದವರು ವಾಡೆಯ ಕಟ್ಟೆ ಏರುವಂತಿರಲಿಲ್ಲ. ಆದರೆ ಮೋಟಾರು ಕೆಟ್ಟ ದಿನ ಸಣ್ಣ ಧಣಿಯೇ ಕಟ್ಟೆ ಇಳಿದು ಅವರ ಶೆಡ್ಡಿನತನಕ ನಡೆದು ಬರುತ್ತಿದ್ದರು. ಇದನ್ನು ನೆನೆದು ಮಿಸ್ತ್ರಿ ನಗುತ್ತಿದ್ದರು. “ಕಟ್ಟಿ ನನಗ ಬ್ಯಾಡ ತಮ್ಮಾ, ಕಟ್ಟಿ ಮ್ಯಾಲ ಗಾಡಿ ರಿಪೇರಿ ಆಗೂದಿಲ್ಲ.”

ನೋಡಲು ಸಣಕಲು. ಕಿವಿ ಮೇಲೆ ಸದಾ ಒಂದು ಬೀಡಿ, ಅದನ್ನು ಸೇದಿದ್ದನ್ನು ನಾನು ಕಂಡಿಲ್ಲ. ಏನಾದರೂ ಕೇಳಿದರೆ ಮೊದಲು ಕೈ ಒರೆಸುತ್ತಿದ್ದರು. ಒಂದೊಂದು ಬೆರಳು, ಬೆರಳ ಸಂದು, ಉಗುರು. ಅಷ್ಟರಲ್ಲಿ ಕೇಳಿದವನ ತಾಳ್ಮೆ ತೀರಿ ಅರ್ಧ ಉತ್ತರ ತಾನೇ ಹೇಳಿಕೊಂಡಿರುತ್ತಿದ್ದ. ಮಿಕ್ಕ ಅರ್ಧ ಮಿಸ್ತ್ರಿ ಹೇಳುತ್ತಿದ್ದರು.

ಎಲ್ಲ ರಿಪೇರಿಯೂ ಬರುತ್ತಿತ್ತು, ಜೀವ ಮಾತ್ರ ಬ್ರೇಕಿನ ಮೇಲೆ. “ಓಡೂದು ಇಂಜಿನ್ನಿನ ಕೆಲಸ, ಮನಿಗಿ ಬರೂದು ಬ್ರೇಕಿನ ಕೆಲಸ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬ್ರೇಕು ಸರಿಮಾಡಿದ ಮೇಲೆ ಪರೀಕ್ಷೆಗೆ ಅವರದೇ ಒಂದು ಪದ್ಧತಿ ಇತ್ತು. ಹಿತ್ತಾಳೆಯ ಅಗಲವಾದ ತಾಟಿನಲ್ಲಿ ಮಜ್ಜಿಗೆ ತುಂಬಿ, ತಾಟನ್ನು ಕಾಲಡಿಯ ಹಲಗೆಯ ಮೇಲೆ ಇಟ್ಟು ಪಕ್ಕದಲ್ಲಿ ತಾವು ಕೂಡುತ್ತಿದ್ದರು. ಡ್ರೈವರ್ ಗಾಡಿ ಜೋರು ಓಡಿಸಿ ಒಮ್ಮೆಲೇ ಬ್ರೇಕ್ ಒತ್ತಬೇಕು. ಮಜ್ಜಿಗೆ ನೆಟ್ಟಗೆ ಮುಂದಕ್ಕೆ ಚೆಲ್ಲಿದರೆ ನಾಲ್ಕೂ ಗಾಲಿ ಸಮನಾಗಿ ಹಿಡಿದಂತೆ. ಎಡಕ್ಕೋ ಬಲಕ್ಕೋ ಚೆಲ್ಲಿದರೆ ಅದರ ಎದುರು ಕಡೆಯ ಗಾಲಿ ಮೊದಲು ಹಿಡಿಯುತ್ತಿದೆ, ಗಾಡಿ ಅಡ್ಡ ತಿರುಗುತ್ತದೆ.

“ನೀರ ಯಾಕ ಬ್ಯಾಡ?” ಎಂದು ಒಮ್ಮೆ ಕೇಳಿದೆ.

ಹತ್ತೂ ಬೆರಳು ಒರೆಸಿಕೊಂಡು ಹೇಳಿದರು: “ನೀರ ಒಣಗಿ ಹೋಗ್ತದ. ಮಜ್ಜಗಿ ಬೆಳ್ಳನ ಗುರ್ತ ಬಿಡ್ತದ, ಸುಳ್ಳ ಹೇಳಾಕ ಬರೂದಿಲ್ಲ. ಮತ್ತ ಉಳದದ್ದು ಕುಡೀಬಹುದು.”

ಉಳಿದದ್ದನ್ನು ಅವರು ನಿಜವಾಗಿಯೂ ಕುಡಿಯುತ್ತಿದ್ದರು.

ಪರೀಕ್ಷೆ ಪಾಸಾದರೆ ಶೆಡ್ಡಿನ ಒಳಗೋಡೆಗೆ ಬೆರಳಿನಿಂದ ಒಂದು ಸುಣ್ಣದ ಬೊಟ್ಟು. ಬಸ್ಸಿಗೊಂದು, ಲಾರಿಗೊಂದು, ತಾಲೂಕಿನ ಸಾಹೇಬರ ಗಾಡಿಗೊಂದು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆ ಗೋಡೆಯೇ ಅವರ ಸರ್ಟಿಫಿಕೇಟು. ತಾವು ಮುಟ್ಟಿದ ಬ್ರೇಕು ತಪ್ಪಿದರೆ ಒಂದು ಮಸಿ ಬೊಟ್ಟು ಇಡುವುದಾಗಿ ಹೇಳುತ್ತಿದ್ದರು. ನಾನು ನೋಡಿದಾಗ ಗೋಡೆ ತುಂಬ ಬಿಳಿ ಬೊಟ್ಟುಗಳೇ ಇದ್ದವು. ದೂರದ ಊರಿನ ಡ್ರೈವರುಗಳು ಬಂದು ಆ ಗೋಡೆ ನೋಡಿಯೇ ಗಾಡಿ ಬಿಟ್ಟುಹೋಗುತ್ತಿದ್ದರು. ಬೇರೆ ಕಡೆ ‘ದೂರ ನಿಲ್ಲು’ ಎನಿಸಿಕೊಂಡ ಮನುಷ್ಯ ಅಲ್ಲಿ ಮಾತ್ರ ಎದೆ ಸೆಟೆಸಿ ನಿಲ್ಲುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾದ ವರ್ಷ, ಪೆಟ್ರೋಲಿಗೆ ಇನ್ನೂ ರೇಷನ್ ಚೀಟಿ ಬಂದಿರಲಿಲ್ಲ. ಸಣ್ಣ ಧಣಿ ಮುಂಬೈಯಿಂದ ಒಂದು ಕೆಂಪು ಗಾಡಿ ತಂದರು. ಇಬ್ಬರೇ ಕೂಡುವಂಥದ್ದು, ಮೇಲೆ ಛಾವಣಿಯಿಲ್ಲ, ಮೂತಿ ಉದ್ದ. ಓಟದ ಪಂದ್ಯಕ್ಕೇ ಮಾಡಿದ ವಿಲಾಯತಿ ಗಾಡಿ. ಅದು ಸಾಲದೆಂದು ಇಂಜಿನ್ನಿಗೆ ಹೆಚ್ಚು ಗಾಳಿ ಊದುವ ಯಂತ್ರವೊಂದನ್ನು ಮುಂಬೈಯಲ್ಲೇ ಕೂಡಿಸಿದ್ದರು. ಅದು ಹೊರಟರೆ ವಾಡೆಯ ಪಾರಿವಾಳಗಳು ಸಂಜೆತನಕ ಗೂಡಿಗೆ ಮರಳುತ್ತಿರಲಿಲ್ಲ.

ಅಫಜಲಪುರ ಕಡೆ ಕರಜಗಿಯಲ್ಲಿ ಕಬ್ಬು ಬೆಳೆಯುವ ಒಬ್ಬ ಹರೆಯದ ಗೌಡರಿದ್ದರು. ಅವರ ಬಳಿ ದೊಡ್ಡ ಅಮೇರಿಕದ ಗಾಡಿ ಇತ್ತು. ಇಬ್ಬರಿಗೂ ಪಂಥ ಬಿತ್ತು. ದಸರೆಯ ಬನ್ನಿ ಹಬ್ಬದ ಮರುದಿನ ಆಳಂದದ ಅಗಸಿ ಬಾಗಿಲಿನಿಂದ ಹೊರಟು, ಗುಲಬರ್ಗಾ ದಾಟಿ, ಜೇವರ್ಗಿ ದಾರಿಯಲ್ಲಿ ಭೀಮಾ ನದಿಯ ದಂಡೆಗೆ ಮೊದಲು ಯಾರು ಮುಟ್ಟುತ್ತಾರೋ ಅವರು ಗೆದ್ದಂತೆ. ಸೋತವರು ಮೀಸೆ ಬೋಳಿಸಬೇಕು.

ಮಿಸ್ತ್ರಿಗೆ ಮೀಸೆಯ ಚಿಂತೆ ಇರಲಿಲ್ಲ. ನದಿಯ ಇಳಿಜಾರಿನ ಚಿಂತೆ ಇತ್ತು. ಆ ದಾರಿ ನದಿಗೆ ನೇರ ಇಳಿಯುತ್ತದೆ, ಕೆಳಗೆ ದೋಣಿಗೆ ಕಾದ ಜನ, ದನ, ಬಂಡಿ. ಧಣಿ ಬಂದು, “ಏ ಮಿಸ್ತ್ರಿ, ಬ್ರೇಕ್ ಸ್ವಲ್ಪ ಬಿಗಿ ಮಾಡು, ಸಾಕು” ಎಂದರು. ಮಿಸ್ತ್ರಿ ತಾಟಿಟ್ಟು ನನ್ನ ಪಕ್ಕ ಕೂತರು. ನಾನು ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವ ಬದಲು ಗಿರ್ರನೆ ತಿರುಗಿತು. ಮಜ್ಜಿಗೆಯ ಮಾತು ಬಿಡಿ, ತಾಟೇ ಹೊರಗೆ ಹಾರಿ ಜಾಲಿ ಕಂಟಿಯಲ್ಲಿ ಸಿಕ್ಕಿತು.

“ಧಣಿ, ಈ ಗಾಡಿಗಿ ಓಡೂದು ಕಲಿಸೀರಿ, ನಿಂದ್ರೂದು ಕಲಿಸಿಲ್ಲ” ಎಂದರು ಮಿಸ್ತ್ರಿ. “ತಂತಿ ಎಳದು ಹಿಡಿಯೂ ಬ್ರೇಕ್ ಅದಾವ್ರಿ ಇವು. ಹಳೀ ಇಂಜಿನ್ನಿಗಿ ಸಾಲ್ತಿದ್ದು. ಕುರಿಗಿ ಕಟ್ಟೂ ಹಗ್ಗ ಎಷ್ಟ ಬಿಗಿ ಮಾಡಿದ್ರ ಹೋರಿ ನಿಂದ್ರತದ?”

ಧಣಿ ಒಪ್ಪಬೇಕಾಯಿತು. ಮುಂದೆ ಮೂರು ವಾರ ನಾನು ಶೆಡ್ಡಿನಲ್ಲೇ ಇದ್ದೆ. ಸೊಲ್ಲಾಪುರದ ಗುಜರಿಯಲ್ಲಿ ಬಿದ್ದಿದ್ದ ದೊಡ್ಡ ಗಾಡಿಯೊಂದರ ಎಣ್ಣೆ ಬ್ರೇಕುಗಳನ್ನು ಮಿಸ್ತ್ರಿ ತಂದರು. ಪೆಡಲು ಒತ್ತಿದರೆ ತಾಮ್ರದ ಸಣ್ಣ ಕೊಳವೆಗಳಲ್ಲಿ ಎಣ್ಣೆ ಓಡಿ, ನಾಲ್ಕೂ ಗಾಲಿಯೊಳಗಿನ ರಬ್ಬರಿನ ಬಿಲ್ಲೆಗಳನ್ನು ಒಂದೇ ಸಲಕ್ಕೆ ನೂಕುತ್ತದೆ. ಕೊಳವೆ ಮುರಿಯದ ಹಾಗೆ ಒಳಗೆ ಮರಳು ತುಂಬಿ ಬಗ್ಗಿಸಿದರು. ಗಾಲಿಗಳಿಗೆ ದೊಡ್ಡ ಡ್ರಮ್ಮುಗಳನ್ನು ಹಾಕಿ, ಹಿಂದಿನ ತಗಡಿಗೆ ತೂತು ಕೊರೆದು ತಂತಿಯ ಜಾಳಿಗೆ ಕೂಡಿಸಿದರು.

“ತೂತ ಯಾಕ?”

“ಬ್ರೇಕಂದ್ರ ಓಟಾನ ಕಾವು ಮಾಡೂದು. ಕಾವಿಗಿ ಹೊರಗ ಹೋಗಾಕ ಬಾಗಿಲ ಬೇಕಲ್ಲಪಾ.”

ಬ್ರೇಕಿನ ಎಣ್ಣೆಯ ಡಬ್ಬಿ ಮುಂಬೈಯಿಂದ ಬರಬೇಕು. ಯುದ್ಧದ ಗದ್ದಲದಲ್ಲಿ ಅದು ಬರಲಿಲ್ಲ. ಮಿಸ್ತ್ರಿ ತಾವೇ ಔಡಲ ಎಣ್ಣೆಗೆ, ಅಂದರೆ ಹರಳೆಣ್ಣೆಗೆ, ಸ್ಪಿರಿಟ್ಟು ಬೆರೆಸಿ ಎಣ್ಣೆ ಮಾಡಿದರು. ಬೇರೆ ಎಣ್ಣೆ ಮುಟ್ಟಿದರೆ ರಬ್ಬರು ಉಬ್ಬುತ್ತದೆ, ಔಡಲ ಒಂದನ್ನೇ ಅದು ತಡೆಯುತ್ತದೆ ಎಂದು ನನಗೆ ಎರಡು ಸಲ ಹೇಳಿದ್ದರು. ನಾನು ಎರಡು ಸಲ ಹೂಂ ಅಂದಿದ್ದೆ. ಆಮೇಲೆ ನಾನು ಪೆಡಲು ಒತ್ತುವುದು, ಅವರು ಗಾಲಿಯ ಹಿಂದಿನ ತಿರುಪು ಬಿಚ್ಚಿ ಒಳಗಿನ ಗಾಳಿ ಹೊರಗೆ ಬಿಡುವುದು. ಅರ್ಧ ದಿನ ಅದೇ ಕೆಲಸ. “ಒತ್ತು”, “ಬಿಡು”, “ಒತ್ತು”, “ನಿದ್ದಿ ಮಾಡಬ್ಯಾಡ, ಒತ್ತು”.

ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಎರಡು ದಿನ ಇರುವಾಗ ತಾಟಿನ ಪರೀಕ್ಷೆಯಾಯಿತು. ಅಷ್ಟು ವೇಗದಲ್ಲಿ ನಾನು ಹಿಂದೆಂದೂ ಬ್ರೇಕ್ ಒತ್ತಿರಲಿಲ್ಲ. ಗಾಡಿ ಎಳೆದ ಗೆರೆಯಂತೆ ನೆಟ್ಟಗೆ ನಿಂತಿತು. ಮಜ್ಜಿಗೆ ಮುಂದಕ್ಕೆ ಚೆಲ್ಲಿ ಹಲಗೆಯ ಮೇಲೆ ನೇರ ಬಿಳಿ ಪಟ್ಟಿ ಎಳೆದಿತ್ತು. ಮಿಸ್ತ್ರಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಉಳಿದ ಮಜ್ಜಿಗೆಯಲ್ಲಿ ನನಗೂ ಒಂದು ಗುಟುಕು ಕೊಟ್ಟರು. ನಾನು ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕುಡಿದೆ. ಅದನ್ನೂ ಅವರು ನೋಡಿದರು.

ಇಲ್ಲಿಂದ ಮುಂದಿನದು ನನ್ನ ಪಾಲಿನ ಕಥೆ. ನನ್ನ ಬಾಯಿಗೆ ಬೀಗವಿಲ್ಲ. ವಾಡೆಯ ಅಡಿಗೆ ಮನೆಯ ಬಾಗಿಲಲ್ಲಿ ಕೂತು, ಕೆಂಪು ಗಾಡಿಗೆ ಹೇಗೆ ಔಡಲ ಎಣ್ಣೆ ಮತ್ತು ಸ್ಪಿರಿಟ್ಟು ಕುಡಿಸಿದೆವು ಎಂದು ರಸವತ್ತಾಗಿ ಹೇಳಿದೆ. ಒಳಗಿದ್ದ ಅವ್ವಾರು ಹೊರಗೆ ಬಂದರು.

“ಸ್ಪಿರಿಟ್ ಅಂದ್ರೇನೋ? ಸೆರೆ ಏನು?”

“ಹಂಗೇನಿಲ್ರಿ ಅವ್ವಾರ... ಅದರ ಜಾತೀದೇ ಅದ.”

“ನಾಳಿ ಖಂಡೇ ಪೂಜಾ. ಅಯ್ನೋರು ಬಂದು ಗಾಡಿಗಿ ವಿಭೂತಿ ಹಚ್ಚೋರು. ಹೊಟ್ಯಾಗ ಸೆರೆ ಇಟಗೊಂಡ ಗಾಡಿಗಿ ಪೂಜಾ ಹ್ಯಾಂಗ ಮಾಡೂದು? ಅದನ್ನ ತೆಗದು ಚೆಲ್ಲು. ಮನೀದು ಚಲೋ ಕುಸುಬಿ ಎಣ್ಣಿ ಅದ, ಗಾಣದಾಗ ತೆಗಸೀದು. ಅದನ್ನ ಹಾಕು. ಯಾರಿಗೂ ಹೇಳಬ್ಯಾಡ.”

ನಾನು ಇಲ್ಲವೆನ್ನಲಿಲ್ಲ. ಅವರ ಉಪ್ಪು ತಿನ್ನುವವನು, ಮೇಲಾಗಿ ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತಿರುಪು ಬಿಚ್ಚುವುದನ್ನು ಮಿಸ್ತ್ರಿಯೇ ಕಲಿಸಿದ್ದರು. ಹಾಡುಹಗಲೇ ಗಾಡಿಯ ಕೊಟ್ಟಿಗೆಯಲ್ಲಿ ಅವರ ಎಣ್ಣೆ ಹೊರಗೆ ಹರಿಸಿ, ತಂಬಿಗೆ ತುಂಬ ಕುಸುಬಿ ಎಣ್ಣೆ ಸುರಿದೆ. ಪೆಡಲು ಒತ್ತಿ ನೋಡಿದರೆ ಗಟ್ಟಿಯಾಗಿಯೇ ಇತ್ತು. ಮರುದಿನ ಅಯ್ಯನವರು ಬಂದು ಪೂಜೆ ಮಾಡಿ ಗಾಡಿಯ ಮೂತಿಗೆ ಮೂರು ಬೆರಳು ವಿಭೂತಿ ಎಳೆದರು.

ಪಂಥದ ದಿನ ಬೆಳಿಗ್ಗೆ ಅಗಸಿಯ ಮುಂದೆ ಆಳಂದವೆಲ್ಲ ಸೇರಿತ್ತು. ಕರಜಗಿ ಗೌಡರು ಬಂದು ಹಾರ್ನು ಹೊಡೆಯುತ್ತಿದ್ದರು. ಮಿಸ್ತ್ರಿ ತಾಟು ಹಿಡಿದುಕೊಂಡು ಬಂದರು.

“ಮನ್ನೇನೇ ನೋಡೀದಲ್ಲೋ ಮತ್ಯಾಕ?” ಎಂದರು ಧಣಿ.

“ಮನ್ನಿಂದು ಮನ್ನಿಗಿ ಆಯ್ತ್ರಿ. ಒಂದೇ ಸಲ, ಆ ಗಿಡದ ತನಕ.”

ಗಾಡಿ ಹೊರಟಾಗಲೇ ಏನೋ ಹಿಡಿದು ಎಳೆಯುವಂತಿತ್ತು. ಗಿಡದ ಬಳಿ ಬ್ರೇಕ್ ಒತ್ತಿದೆ. ಗಾಡಿ ಬಲಕ್ಕೆ ಸೀಳಿಕೊಂಡು ರಸ್ತೆ ಬಿಟ್ಟು ಜಾಲಿ ಕಂಟಿಯಲ್ಲಿ ಹೋಗಿ ನಿಂತಿತು. ತಾಟಿನ ಮಜ್ಜಿಗೆಯೆಲ್ಲ ಎಡಕ್ಕೆ, ಮಿಸ್ತ್ರಿಯ ಧೋತರದ ಮೇಲೆ. ಆ ಇಳಿಜಾರಿನಲ್ಲಿ, ಆ ದೋಣಿಯ ಜನದ ಮುಂದೆ ಹೀಗಾಗಬಹುದಿತ್ತು.

ಮಿಸ್ತ್ರಿ ಇಳಿದು ಗಾಡಿಯೊಳಗಿನ ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳ ತಿರುವಿದರು. ಬೆರಳು ಅದ್ದಿ ಮೂಸಿದರು. ನಾಲಿಗೆಗೆ ಹಚ್ಚಿಕೊಂಡರು. ದಿನಾ ಜೋಳದ ರೊಟ್ಟಿಗೆ ಹಿಂಡಿಪುಡಿ ಮೇಲೆ ಕುಸುಬಿ ಎಣ್ಣೆ ಹಾಕಿಕೊಂಡು ಉಣ್ಣುವವರಿಗೆ ಅದರ ರುಚಿ ಬೇರೆ ಯಾರೂ ಹೇಳಬೇಕಾಗಿಲ್ಲ. ಆಳಂದದಲ್ಲಿ ಗಾಣದ ಕುಸುಬಿ ಎಣ್ಣೆ ಅಷ್ಟು ತಿಳಿಯಾಗಿರುವುದು ಯಾವ ಮನೆಯಲ್ಲಿ ಎಂಬುದೂ ಅವರಿಗೆ ಗೊತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಜಾಲಿ ಕಂಟಿಯನ್ನು ನೋಡಿದೆ.

ಜನ ಓಡಿ ಬಂದರು. ಧಣಿಯೂ ಬಂದರು. “ಏನಾಗ್ಯದ? ಆಗ್ಲಿ ಬಿಡು, ನಾ ಸಂಭಾಳಿಸ್ತೀನಿ. ಏಳು, ಟೈಮ್ ಆಗ್ಯದ.”

ಮಿಸ್ತ್ರಿ ಪಾನಾ ತೆಗೆದು ಗಾಲಿಯ ಹಿಂದಿನ ಕೊಳವೆ ಬಿಚ್ಚಿದರು. ಪೆಡಲು ಒತ್ತಿ ಒತ್ತಿ ಎಣ್ಣೆಯನ್ನೆಲ್ಲ ಎಲ್ಲರೆದುರು ಮಣ್ಣಿಗೆ ಹರಿಸಿದರು. ಈಗ ಗಾಡಿಗೆ ಬ್ರೇಕೇ ಇಲ್ಲ, ಹಟ ಮಾಡಿದರೂ ಹೋಗುವ ಹಾಗಿಲ್ಲ.

“ಯಾರ್ ಮಾಡ್ಯಾರ ಇದನ್ನ?” ಧಣಿ ಕೂಗಿದರು.

ಮಿಸ್ತ್ರಿ ಕೈ ಒರೆಸಿಕೊಂಡರು. ಒಂದೊಂದು ಬೆರಳು, ಬೆರಳ ಸಂದು. ನಾನು ಬಾಯಿ ತೆರೆಯಬೇಕಾದ ಹೊತ್ತು ಅದು. ಅಷ್ಟು ಹೊತ್ತು ಅವರು ಒರೆಸಿದ್ದು ನನಗಾಗಿಯೇ ಇರಬೇಕು. ನಾನು ತೆರೆಯಲಿಲ್ಲ.

“ನನ್ನ ಕೆಲಸ ತಪ್ಪೇದ್ರಿ, ಧಣಿ.”

ಕರಜಗಿ ಗೌಡರು ಒಬ್ಬರೇ ನದಿಗೆ ಹೋಗಿ ಗೆದ್ದು ಬಂದರು. ಸಣ್ಣ ಧಣಿ ಮಾತಿನ ಮನುಷ್ಯ, ಅದೇ ಸಂಜೆ ಮೀಸೆ ಬೋಳಿಸಿಕೊಂಡು ಒಂದು ತಿಂಗಳು ಹಲ್ಲುನೋವೆಂದು ಮುಖಕ್ಕೆ ವಸ್ತ್ರ ಸುತ್ತಿಕೊಂಡು ತಿರುಗಿದರು. ಮಿಸ್ತ್ರಿಗೆ ನಡುರಸ್ತೆಯಲ್ಲಿ ಅವರು ಅಂದ ಮಾತುಗಳನ್ನು ನಾನು ಬರೆಯಲಾರೆ. ಕುಲ ಎತ್ತಿಯೂ ಅಂದರು. ಜನ ನಕ್ಕರು.

ನಾನು ಆಮೇಲೆ ಶೆಡ್ಡಿಗೆ ಹೋದಾಗ ಮಿಸ್ತ್ರಿ ಗೋಡೆಯ ಮುಂದೆ ನಿಂತಿದ್ದರು. ಬಿಳಿ ಬೊಟ್ಟುಗಳ ನಡುವೆ ಒಂದು ಮಸಿ ಬೊಟ್ಟು ಆಗಲೇ ಕೂತಿತ್ತು.

“ಯಾಕ ಹೇಳ್ಲಿಲ್ಲ?” ಎಂದೆ.

“ಏನಂತ ಹೇಳ್ಲಿ? ವಾಡೇದ ಅವ್ವಾರ ಎಣ್ಣಿ ಹಾಕಿಸ್ಯಾರ ಅಂದ್ರ ಯಾರ ನಂಬ್ತಾರ? ಕೆಲಸಾನೂ ಕೆಟ್ಟದ್ದು, ಮಾತೂ ಸುಳ್ಳ ಅಂತಿದ್ರು. ನಿನ್ನ ಹೆಸರ ಹೇಳಿದ್ರ ನಂಬ್ತಿದ್ರು. ನಿನ್ನ ಹೇಣ್ತಿ ಹಡದು ಎಂಟ ದಿನ ಆಗಿಲ್ಲ. ಹೋಗ್ಲಿ ಬಿಡು. ಮುಚ್ಚಳಕ್ಕ ಕೀಲಿ ಹಾಕಬೇಕಿತ್ತು, ಹಾಕ್ಲಿಲ್ಲ. ಅಷ್ಟರ ಮಟ್ಟಿಗಿ ನಂದೂ ತಪ್ಪೇ.” ಆಮೇಲೆ ದನಿ ಬದಲಿಸಿ ಹೇಳಿದರು: “ಕುಸುಬಿ ಎಣ್ಣಿ ರೊಟ್ಟಿಗಿ ಚಲೋಲೇ.”

ನನಗೆ ಅಳು ಬಂತು. ಅತ್ತೆ. ಆದರೆ ಅತ್ತು ವಾಡೆಗೆ ಹೋಗಿ ನಿಜ ಹೇಳಲಿಲ್ಲ.

ಎರಡು ತಿಂಗಳು ಯಾವ ಹೊಸ ಗಾಡಿಯೂ ಆ ಶೆಡ್ಡಿಗೆ ಬರಲಿಲ್ಲ. ಬಂದವರು ಮಸಿ ಬೊಟ್ಟು ನೋಡಿ ಮುಂದೆ ಹೋದರು. ಕೆಂಪು ಗಾಡಿಯನ್ನು ಮಾತ್ರ ಗುಲಬರ್ಗಾದಲ್ಲೂ ಸೊಲ್ಲಾಪುರದಲ್ಲೂ ಯಾರೂ ಸರಿಮಾಡಲಾರದೆ ಹೋದರು, ಉಬ್ಬಿದ ರಬ್ಬರಿನ ಬದಲು ಹೊಸ ರಬ್ಬರು ಸಿಗಲಿಲ್ಲ. ಕೊನೆಗೆ ಧಣಿ ಮತ್ತೆ ಕಟ್ಟೆ ಇಳಿದರು. ಮಿಸ್ತ್ರಿ ಎಮ್ಮೆಯ ತೊಗಲು ಕತ್ತರಿಸಿ, ಔಡಲ ಎಣ್ಣೆಯಲ್ಲಿ ನೆನೆಸಿ ಬಿಲ್ಲೆ ಮಾಡಿದರು. “ನಮ್ಮಪ್ಪ ಹೊಲದ ಚೀಲದಾಗ ನೀರ ಸೋರ್ತಿರ್ಲಿಲ್ಲ, ಇದರಾಗ ಎಣ್ಣಿ ಹ್ಯಾಂಗ ಸೋರ್ತದ?” ಎಂದರು. ಮುಚ್ಚಳಕ್ಕೆ ಸಣ್ಣ ಬೀಗ ಹಾಕಿ ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಆ ಚಳಿಗಾಲದಲ್ಲಿ ಧಣಿ ಭೀಮೆಯ ಇಳಿಜಾರು ಇಳಿಯುವಾಗ ಎತ್ತಿನ ಬಂಡಿಯೊಂದು ಅಡ್ಡ ಬಂತು. ಪಕ್ಕದಲ್ಲಿ ನಾನಿದ್ದೆ. ಎತ್ತಿನ ಉಸಿರು ಗಾಡಿಯ ಮೂತಿಗೆ ತಾಗುವಷ್ಟು ದೂರದಲ್ಲಿ, ನೆಟ್ಟಗೆ ನಿಂತೆವು. ಬಂಡಿಯಲ್ಲಿ ಒಬ್ಬ ಬಾಣಂತಿ ಕೂತಿದ್ದಳು.

ಅಂದು ಧಣಿ ಬಂದು ಮಸಿ ಬೊಟ್ಟು ಒರೆಸಲು ಹೇಳಿದರು. ಮಿಸ್ತ್ರಿ ಬಿಳಿ ಬೊಟ್ಟೊಂದನ್ನು ಹೊಸದಾಗಿ ಇಟ್ಟರು, ಮಸಿಯದನ್ನು ಮುಟ್ಟಲಿಲ್ಲ. ಅವ್ವಾರು ಏನನ್ನು ತಿಳಿದರೋ, ಪ್ರತಿ ಬನ್ನಿ ಹಬ್ಬಕ್ಕೆ ಒಂದು ಗಡಿಗೆ ಕುಸುಬಿ ಎಣ್ಣೆ ಅವರ ಶೆಡ್ಡಿಗೆ ಕಳಿಸತೊಡಗಿದರು. ಒಯ್ಯುವವನು ನಾನೇ. ಪ್ರತಿ ವರ್ಷ ಮಿಸ್ತ್ರಿಯ ಪ್ರಶ್ನೆ ಒಂದೇ: “ಗಾಡಿಗೋ, ರೊಟ್ಟಿಗೋ?” ಆಮೇಲೆ ಬನ್ನಿ ಎಲೆ ಕೈಗಿಟ್ಟು, “ಬಂಗಾರದಂಗ ಇರೂಣು” ಎನ್ನುತ್ತಿದ್ದರು.

ಅವ್ವಾರು ಹೋದ ವರ್ಷ ತೀರಿಕೊಂಡರು. ಅಲ್ಲಿಗೆ ನಿಜ ಹೇಳದಿರಲು ನನಗಿದ್ದ ಒಂದು ನೆವವೂ ಹೋಯಿತು. ಆದರೂ ನಾನು ಇವತ್ತು ನಾಳೆ ಎನ್ನುತ್ತಿದ್ದೆ, ಅಷ್ಟರಲ್ಲಿ ಮಿಸ್ತ್ರಿಯೇ ಹೊರಟುಹೋದರು.

ಮೂರನೆಯ ದಿನಕ್ಕೆ ಶೆಡ್ಡಿಗೆ ಹೋದೆ. ಐದಾರು ಡ್ರೈವರುಗಳು ಕೂತಿದ್ದರು. ಸಣ್ಣ ಧಣಿಯೂ ಬಂದು ಬೇವಿನ ಮರದಡಿ ನಿಂತಿದ್ದರು. ಗೋಡೆಗೆ ಬೊಟ್ಟುಗಳ ಸುತ್ತ ಹೊಸದಾಗಿ ಕೆಮ್ಮಣ್ಣು ಸಾರಿಸಿತ್ತು, ಬಿಳಿ ಬೊಟ್ಟುಗಳನ್ನು ತಿದ್ದಿ ಇಟ್ಟಿದ್ದರು. ನಡುವೆ ಆ ಮಸಿ ಬೊಟ್ಟು ಹಾಗೇ ಇತ್ತು.

ಅವರ ಹೆಂಡತಿ ಹೇಳಿದರು: “ವರ್ಷಾ ಸಾರಸೂವಾಗ ಒರಸ್ತೀನಿ ಅಂತಿದ್ದೆ ಅಣ್ಣಾ. ಮುಟ್ಟಾಕ ಬಿಡ್ತಿರ್ಲಿಲ್ಲ. ‘ಅದು ಬರೇ ನಂದಲ್ಲ, ಅದರ ಧಣಿ ಒಂದಿನ ತಾನೇ ಬರ್ತಾನ, ಅವನ ಕೈಲೇ ಹೋಗ್ಲಿ’ ಅಂತಿದ್ರು. ಯಾರಂತ ಮಾತ್ರ ಹೇಳ್ಲಿಲ್ಲ.”

ಹತ್ತು ವರ್ಷ. ವರ್ಷಕ್ಕೊಮ್ಮೆ ನಾನು ಗಡಿಗೆ ಹಿಡಿದು ಆ ಗೋಡೆಯ ಮುಂದೆಯೇ ನಿಂತಿದ್ದೆ, ಅವರು ಒಂದು ದಿನವೂ ಅದನ್ನು ತೋರಿಸಲಿಲ್ಲ.

ನಾನು ಧಣಿಯ ಕಡೆ ತಿರುಗಿ ಹೇಳಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ. ಸ್ಪಿರಿಟ್ಟು, ಕುಸುಬಿ ಎಣ್ಣೆ, ತಿರುಪು, ಜಾಲಿ ಕಂಟಿ ಎಲ್ಲವನ್ನೂ. ಧಣಿ ಮೀಸೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಕೊನೆಗೆ ಚಪ್ಪಲಿ ಬಿಟ್ಟು ಶೆಡ್ಡಿನ ಒಳಗೆ ಬಂದರು.

ಮಿಸ್ತ್ರಿಯ ಹೆಂಡತಿ ಸುಣ್ಣದ ಬಟ್ಟಲು ತಂದು ನನ್ನ ಮುಂದಿಟ್ಟರು. ಬೆರಳು ಅದ್ದಿ ಆ ಬೊಟ್ಟಿನ ಮೇಲೆ ಒತ್ತಿದೆ. ಹಸಿ ಸುಣ್ಣದ ಕೆಳಗೆ ಮಸಿ ಹಾಗೇ ಕಾಣುತ್ತಿತ್ತು. ಮತ್ತೊಮ್ಮೆ ಒತ್ತಿದೆ, ಆಗಲೂ ಕಂಡಿತು. ಮೂರನೆಯ ಸಲ ಬೆರಳು ಅದ್ದಲು ಹೋದೆ.

“ಅವಸರ ಮಾಡಬ್ಯಾಡ ಅಣ್ಣಾ” ಎಂದರು ಅವರು. “ಸುಣ್ಣ ಹಸೀ ಇದ್ದಾಗ ಕಾಣಸ್ತದ. ಒಣಗಿದ ಮ್ಯಾಲ ಬೆಳ್ಳಗ ಆಗ್ತದ. ಒಂದ ತಾಸ ನಿಂದ್ರು.”

ನಿಂತೆ.